ಕಲ್ಯದ ಬುಸುವಿಸೆಟ್ಟಿ ಮತ್ತು ಹೊಸ ಕಾದಂಬರಿಕಾರರ ಅಭ್ಯಾಸ

ಕಾದಂಬರಿ ಬರೆಯಲು ಹೊರಟ ಹೊಸಬರಿಗೆ ಹಿರಿಯರು ಹೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ ಬಗೆಯವು: ತುಂಬ ಓದಬೇಕು, ದಿನವೂ ಬರೆಯಬೇಕು, ಬರೆದದ್ದನ್ನು ತಿದ್ದಬೇಕು, ಕಣ್ಣು ಕಿವಿ ತೆರೆದಿರಬೇಕು. ಇವುಗಳಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಏನನ್ನು ಓದಬೇಕು, ಹೇಗೆ ಓದಬೇಕು, ತಿದ್ದುವಾಗ ಯಾವ ಅಳತೆಗೋಲು ಹಿಡಿಯಬೇಕು ಎಂಬ ಪ್ರಶ್ನೆ ಬಂದ ಕೂಡಲೇ ಈ ಉಪದೇಶಗಳು ಮೌನವಾಗುತ್ತವೆ. ವಿಶೇಷವಾಗಿ ಚರಿತ್ರೆಯ ವಸ್ತುವನ್ನು ಕಥೆಗೆ ತರುವವರಿಗೆ ಸಾಮಾನ್ಯ ಉಪದೇಶ ಸಾಲದು. ಸತ್ತವರು ತಮ್ಮ ಪರವಾಗಿ ಮಾತನಾಡಲಾರರು. ಅವರ ಬಗ್ಗೆ ಕಾದಂಬರಿ ಹೇಳಿದ್ದೇ ಮುಂದಿನ ತಲೆಮಾರಿಗೆ ಚರಿತ್ರೆಯಾಗಿ ಉಳಿಯುವುದುಂಟು. ಇದನ್ನು ವಿಚಾರಿಸಲು ದೂರದ ಉದಾಹರಣೆ ಬೇಕಿಲ್ಲ. ರಾಮನಗರ ಸೀಮೆಯಲ್ಲಿಯೇ ಒಂದು ಕಲ್ಲು ಇದೆ.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಿನಲ್ಲಿ ಕುಳಿತು ತನ್ನ ಮೊದಲ ಐತಿಹಾಸಿಕ ಕಾದಂಬರಿಗೆ ಕೈಹಾಕುವ ಲೇಖಕಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ವಸ್ತುವಿಗಾಗಿ ಅವಳ ಮನಸ್ಸು ಸಹಜವಾಗಿ ಹಂಪೆಗೋ ಚಿತ್ರದುರ್ಗಕ್ಕೋ ಹಾರುತ್ತದೆ. ಹತ್ತಿರದ ಮಾಗಡಿ ತಾಲ್ಲೂಕಿನ ಕಲ್ಯ ಎಂಬ ಗ್ರಾಮ ನೆನಪಾಗುವುದು ಅಪರೂಪ. ಪಾಲ್ಕುರಿಕೆ ಸೋಮನಾಥ ಐಕ್ಯನಾದ ಸ್ಥಳವೆಂದು ವೀರಶೈವ ಪರಂಪರೆ ನೆನೆಯುವ ಕಲ್ಯ ಒಂದು ಕಾಲಕ್ಕೆ ಜೈನರ ದೊಡ್ಡ ನೆಲೆಯೂ ಆಗಿತ್ತು. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ, ಶಕ 1290ರ ಕೀಲಕ ಸಂವತ್ಸರದಲ್ಲಿ, ಅಂದರೆ 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ನಡೆದ ಒಪ್ಪಂದದ ಶಾಸನ ಎರಡು ಕಡೆ ದೊರೆತಿದೆ. ಒಂದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ, ಇನ್ನೊಂದು ಕಲ್ಯದಲ್ಲಿ. ಪಠ್ಯಪುಸ್ತಕಗಳಲ್ಲಿ ಇದು ‘ಬುಕ್ಕರಾಯನ ಧರ್ಮಸಮನ್ವಯ’ ಎಂಬ ಒಂದು ಸಾಲಾಗಿ ಮುಗಿದುಹೋಗುತ್ತದೆ. ಕಾದಂಬರಿಕಾರ್ತಿಗೆ ಆ ಒಂದು ಸಾಲಿನಿಂದ ಏನೂ ಪ್ರಯೋಜನವಿಲ್ಲ. ಶಾಸನವನ್ನೇ ತೆರೆದು ಪದಪದವಾಗಿ ಓದಿದರೆ ಬೇರೆಯ ಲೋಕವೊಂದು ಕಾಣುತ್ತದೆ.

ಬೆಳಗೊಳದ ಪಾಠದ ಸಾರಾಂಶ ಹೀಗಿದೆ. ಜೈನರಿಗೂ ಭಕ್ತರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ಸಮಸ್ತ ನಾಡುಗಳ ಭವ್ಯಜನರು ತಮಗೆ ಭಕ್ತರಿಂದಾಗುತ್ತಿದ್ದ ಅನ್ಯಾಯವನ್ನು ರಾಯನಲ್ಲಿ ಬಿನ್ನವಿಸಿಕೊಂಡರು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು, ಭವ್ಯರೆಂದರೆ ಜೈನರು; ಕಲ್ಲೆಹವೇ ಇಂದಿನ ಕಲ್ಯ. ರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೆ ಭೇದವಿಲ್ಲವೆಂದನು. ಜೈನದರ್ಶನಕ್ಕೆ ಪೂರ್ವದಂತೆ ಪಂಚಮಹಾವಾದ್ಯವೂ ಕಲಶವೂ ಸಲ್ಲುವುದೆಂದು ತೀರ್ಮಾನಿಸಿದನು. ರಾಜ್ಯದ ಬಸದಿಗಳಲ್ಲೆಲ್ಲ ಈ ಕಟ್ಟಳೆಯ ಶಾಸನವನ್ನು ಶ್ರೀವೈಷ್ಣವರೇ ನೆಡಿಸಬೇಕೆಂದನು. ಅನಂತರ ಬರುವುದು ಹಣಕಾಸಿನ ಏರ್ಪಾಡು. ರಾಜ್ಯದ ಜೈನರಿಂದ ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಹೊಸ ಲೇಖಕಿಯ ಮೊದಲ ಅಭ್ಯಾಸ ಆರಂಭವಾಗಬೇಕಾದದ್ದು ಇಲ್ಲಿ. ಶಾಸನ ಹೇಳಿದ್ದು ಯಾವುದು, ಹೇಳದೆ ಬಿಟ್ಟದ್ದು ಯಾವುದು ಎಂದು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು. ಅನ್ಯಾಯವಾಯಿತೆಂದು ಕಲ್ಲು ಹೇಳುತ್ತದೆ. ಏನು ಅನ್ಯಾಯವೆಂದು ಹೇಳುವುದಿಲ್ಲ. ಆದರೆ ತೀರ್ಪಿನಲ್ಲಿ ಪಂಚಮಹಾವಾದ್ಯ, ಕಲಶಗಳ ಪ್ರಸ್ತಾಪ ಬರುವುದರಿಂದ ಜಗಳ ಮೆರವಣಿಗೆಯ ಬೀದಿಯಲ್ಲಿ, ವಾದ್ಯದ ಸದ್ದಿನ ಹಕ್ಕಿಗಾಗಿ ನಡೆದಿರಬೇಕೆಂದು ಊಹಿಸಲು ಆಧಾರವಿದೆ. ಅಂಗರಕ್ಷೆಗೆ ಆಳುಗಳು ಬೇಕಾದರೆಂದರೆ ಮಾತು ಕೈಗೆ ಹೋಗಿದ್ದಿರಬಹುದು. ಇವು ಊಹೆಗಳು, ಆದರೆ ಕಲ್ಲಿನಿಂದಲೇ ಹುಟ್ಟಿದವು. ‘ಬಸದಿಯನ್ನು ಸುಟ್ಟರು, ಮುನಿಯೊಬ್ಬನನ್ನು ಕೊಂದರು’ ಎಂದು ಬರೆದರೆ ಅದು ಕಲ್ಲಿನಿಂದ ಹುಟ್ಟಿದ್ದಲ್ಲ. ಬರೆಯುವವರ ಕೋಪದಿಂದ ಹುಟ್ಟಿದ್ದು. ಎರಡರ ನಡುವಣ ಈ ಅಂತರವನ್ನು ಬೆರಳಿಟ್ಟು ತೋರಿಸಬಲ್ಲ ಲೇಖಕರಿಗೆ ಕಲ್ಪನೆಯ ಸ್ವಾತಂತ್ರ್ಯ ತಾನಾಗಿ ಒಲಿಯುತ್ತದೆ, ಏಕೆಂದರೆ ತಾವು ಎಲ್ಲಿಂದ ನೆಗೆಯುತ್ತಿದ್ದೇವೆಂಬುದು ಅವರಿಗೆ ಗೊತ್ತಿರುತ್ತದೆ.

ಎರಡನೆಯ ಓದಿನಲ್ಲಿ ಸಣ್ಣ ಸಂಗತಿಗಳು ಎದ್ದು ಬರುತ್ತವೆ. ಜೈನರ ಪರಮತೀರ್ಥದಲ್ಲಿ ನಿಂತ ಈ ಕಲ್ಲು ಆರಂಭವಾಗುವುದು ರಾಮಾನುಜರ ಸ್ತುತಿಯಿಂದ. ಆ ಸ್ತುತಿ ಪಾಷಂಡರನ್ನು ಕಡಲಿಗೂ ಯತಿರಾಜರನ್ನು ಅದನ್ನು ಸುಡುವ ಬಡಬಾಗ್ನಿಗೂ ಹೋಲಿಸುತ್ತದೆ. ತಮ್ಮ ರಕ್ಷಣೆಯ ಪತ್ರದ ನೆತ್ತಿಯ ಮೇಲೆ ಇಂಥ ಶ್ಲೋಕವನ್ನು ಕೆತ್ತಿಸಿದ ದಿನ ಅದನ್ನು ಓದಬಲ್ಲ ಜೈನ ಪಂಡಿತನೊಬ್ಬ ಅಲ್ಲಿ ನಿಂತಿದ್ದರೆ ಅವನ ಮುಖ ಹೇಗಿತ್ತು? ಇಲ್ಲೊಂದು ಅಧ್ಯಾಯವೇ ಇದೆ. ಸಾಕ್ಷಿಗಳ ಪಟ್ಟಿಯೂ ಗಮನಾರ್ಹ. ಕೋವಿಲು, ತಿರುಮಲೆ, ಪೆರುಮಾಳ್ ಕೋವಿಲು, ತಿರುನಾರಾಯಣಪುರಗಳ ಆಚಾರ್ಯರ ಜೊತೆಗೆ ತಿರುಕುಲ, ಜಾಂಬವಕುಲಗಳ ಹೆಸರೂ ಬರುತ್ತದೆ. ರಾಜಸಭೆಯ ದೃಶ್ಯವನ್ನು ಬರೆಯುವವರು ಕಿರೀಟ, ಸಿಂಹಾಸನ, ಆಚಾರ್ಯರ ಶಾಲುಗಳನ್ನಷ್ಟೇ ಚಿತ್ರಿಸಿ ಈ ಎರಡು ಕುಲದವರನ್ನು ಬಿಟ್ಟರೆ, ಆರು ಶತಮಾನಗಳ ಹಿಂದಿನ ಶಾಸನಕಾರನಿಗಿದ್ದಷ್ಟು ಕಣ್ಣೂ ತಮಗಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಎದುರುಪಕ್ಷದ ಚಿತ್ರಣದಲ್ಲಿ. ಜೈನ ಓದುಗರಿಗಾಗಿ ಬರೆಯುವವರು ಶ್ರೀವೈಷ್ಣವರನ್ನು ಖಳರನ್ನಾಗಿಸಬಹುದು. ಸೌಹಾರ್ದವನ್ನು ಸಾರಬೇಕೆಂದವರು ಎಲ್ಲರನ್ನೂ ಒಳ್ಳೆಯವರನ್ನಾಗಿಸಿ ಜಗಳವನ್ನೇ ಅಳಿಸಿಹಾಕಬಹುದು. ಎರಡನೆಯದು ಹೆಚ್ಚು ಗೌರವಾನ್ವಿತವಾಗಿ ಕಾಣುವುದರಿಂದ ಹೆಚ್ಚು ಅಪಾಯಕಾರಿ. ಇದಕ್ಕೆ ಮದ್ದು ಇನ್ನಷ್ಟು ಓದು. ಕೋವಿಲೆಂದರೆ ಶ್ರೀರಂಗ. ಹದಿನಾಲ್ಕನೆಯ ಶತಮಾನದ ಪೂರ್ವಾರ್ಧದ ದಂಡಯಾತ್ರೆಗಳಲ್ಲಿ ಶ್ರೀರಂಗದ ಉತ್ಸವಮೂರ್ತಿ ಊರು ಬಿಟ್ಟು ಅಲೆಯಬೇಕಾಯಿತು. ವಿಜಯನಗರದ ಅಧಿಕಾರಿ ಗೋಪಣ್ಣ ಅದನ್ನು ಮರಳಿ ಶ್ರೀರಂಗದಲ್ಲಿ ಪ್ರತಿಷ್ಠಿಸಿದ್ದು 1371ರಲ್ಲಿ. ಎಂದರೆ 1368ರಲ್ಲಿ ಈ ಒಪ್ಪಂದವಾದಾಗ ಶ್ರೀರಂಗದ ದೇವರೇ ಇನ್ನೂ ತನ್ನ ಮನೆಗೆ ಹಿಂದಿರುಗಿರಲಿಲ್ಲ. ಶಾಸನದಲ್ಲಿ ಬಲಶಾಲಿಗಳಾಗಿ ಕಾಣುವವರ ನಡುವೆ ನೆಲೆ ಕಳೆದುಕೊಂಡ ದುಃಖವನ್ನು ಹೊತ್ತವರೂ ಇದ್ದರು. ತಾನು ನೊಂದವನು ಇನ್ನೊಬ್ಬನನ್ನು ನೋಯಿಸುವುದು ಲೋಕದಲ್ಲಿ ಹೊಸದಲ್ಲ. ಈ ಒಂದು ಇಸವಿಯನ್ನು ತಿಳಿದ ಲೇಖಕಿಗೆ ಆಚಾರ್ಯನ ಪಾತ್ರವನ್ನು ಖಳನನ್ನಾಗಿ ಬರೆಯಲು ಕೈ ಬಾರದು. ಸಾಧುವನ್ನಾಗಿ ಬರೆಯಲೂ ಬಾರದು.

ಹಾಗೆಯೇ ಆ ‘ಒಂದು ಹಣ’. ಒಪ್ಪಂದವನ್ನು ಉದಾರತೆಯ ದಾಖಲೆಯೆಂದು ಹೊಗಳುವವರು ಈ ಹಣವನ್ನು ಕೊಟ್ಟವರು ಯಾರೆಂಬುದನ್ನು ಬೇಗ ದಾಟಿಬಿಡುತ್ತಾರೆ. ಯಾರ ಮೇಲೆ ದೂರು ಹೋಗಿತ್ತೋ ಅವರೇ ನೇಮಿಸುವ ಕಾವಲುಗಾರರಿಗೆ ದೂರಿತ್ತವರೇ ಮನೆಮನೆಯಿಂದ ಹಣ ತೆತ್ತರು. ಇದು ರಕ್ಷಣೆಯೂ ಹೌದು, ಅಧೀನತೆಯೂ ಹೌದು. ಇತಿಹಾಸಕಾರನು ಇವೆರಡರಲ್ಲಿ ಯಾವುದು ಹೆಚ್ಚೆಂದು ವಾದಿಸಬೇಕಾಗುತ್ತದೆ. ಕಾದಂಬರಿಕಾರರಿಗೆ ಆ ಭಾರವಿಲ್ಲ. ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ನಿಂತವನ ಕೈಗೆ ಹಣ ಕೊಡುವ ಗೃಹಿಣಿಯ ಮನಸ್ಸನ್ನು ಬರೆದರೆ ಸಾಕು, ವಾದ ತಾನಾಗಿ ಅಲ್ಲಿರುತ್ತದೆ.

ಶಾಸನದ ಕೊನೆಯಲ್ಲಿ ಸೇರಿದ ಸಾಲುಗಳಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬರುತ್ತಾನೆ. ಇವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದನೆಂದೂ ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಕಲ್ಲು ಹೇಳುತ್ತದೆ. ಜೀರ್ಣೋದ್ಧಾರ ಯಾವುದರದು, ಶಾಸನದ್ದೋ ಬಸದಿಯದ್ದೋ ಎಂದು ಇಲ್ಲಿ ನಿಂತು ಕೇಳಿಕೊಳ್ಳಬೇಕು. ಉತ್ತರ ಬದಲಾದರೆ ಕಥೆಯೂ ಬದಲಾಗುತ್ತದೆ. ಶಾಸನವೇ ಹಾಳಾಗಿತ್ತೆಂದರೆ ಯಾರೋ ಅದನ್ನು ಹಾಳುಮಾಡಿದ್ದರೇನೋ ಎಂಬ ಸಂಶಯ ಹುಟ್ಟುತ್ತದೆ. ಅದೇನಿದ್ದರೂ, ಮಾಗಡಿ ಸೀಮೆಯ ವರ್ತಕನೊಬ್ಬ ರಾಯನ ಆಸ್ಥಾನಕ್ಕೆ ಹೋಗಿ ಗೆದ್ದು ಬಂದನು. ಅವನ ವಿರುದ್ಧ ನಿಂತಿದ್ದವರೂ ಸೇರಿ ಅವನಿಗೆ ಪಟ್ಟ ಕಟ್ಟಿದರು. ಇಷ್ಟು ಸಿದ್ಧವಾದ ಕಥಾನಾಯಕ ಕಣ್ಣೆದುರಿಗಿರುವಾಗ ಬುಕ್ಕರಾಯನನ್ನು ನಾಯಕನನ್ನಾಗಿಸಬೇಕೆಂಬ ಹಟ ಹೊಸಬರಿಗೇಕೆ ಬರುತ್ತದೆಯೋ ತಿಳಿಯದು. ರಾಜರ ಬಗ್ಗೆ ಬರೆದರೆ ಕಾದಂಬರಿ ದೊಡ್ಡದಾಗುತ್ತದೆಂಬ ಭ್ರಮೆ ಕನ್ನಡದಲ್ಲಿ ಇನ್ನೂ ಪೂರ್ತಿ ಹೋಗಿಲ್ಲ.

ಆಧಾರವನ್ನು ಪದಪದವಾಗಿ ಓದದಿದ್ದರೆ ಏನಾಗುತ್ತದೆಂಬುದಕ್ಕೆ ಮಾಗಡಿ ಸೀಮೆಯ ಉತ್ತರಕ್ಕೆ ನಿಂತಿರುವ ಶಿವಗಂಗೆಯ ಬೆಟ್ಟವೇ ಸಾಕ್ಷಿ. ಬೆಟ್ಟ ಹತ್ತಿದವರಿಗೆ ಪ್ರಪಾತವೊಂದನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಇಲ್ಲಿಂದ ಹಾರಿ ಪ್ರಾಣ ಬಿಟ್ಟಳೆಂದು ಜನ ಹೇಳುತ್ತಾರೆ. ಮಕ್ಕಳಿಲ್ಲದ ಕೊರಗು, ಸವತಿಯ ಸಂಗತಿ ಎಲ್ಲವೂ ಆ ಕಥೆಯಲ್ಲಿ ಬೆರೆತಿವೆ. ಬೆಳಗೊಳದ ಚಿಕ್ಕಬೆಟ್ಟದ ಶಾಸನ ಹೇಳುವುದು ಇಷ್ಟೇ: 1131ರಲ್ಲಿ ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ‘ಮುಡಿಪಿ’ ಸ್ವರ್ಗಸ್ಥಳಾದಳು. ಹಾರಿದ ಮಾತಿಲ್ಲ, ಪ್ರಪಾತದ ಮಾತಿಲ್ಲ. ಬೆಳಗೊಳದ ನಿಸಿದಿ ಶಾಸನಗಳನ್ನು ಓದಿದವರಿಗೆ ‘ಮುಡಿಪು’ ಪರಿಚಿತವಾದ ಮಾತು. ವ್ರತದಿಂದ ದೇಹ ಬಿಟ್ಟ ಮುನಿಗಳಿಗೂ ಅಜ್ಜಿಯರಿಗೂ ಅದೇ ಪದ ಬರುತ್ತದೆ. ಅದೇ ಶಾಸನ ಮುಂದುವರಿದು ತಾಯಿ ಮಾಚಿಕಬ್ಬೆಯ ವಿಷಯವನ್ನು ವಿವರವಾಗಿ ಹೇಳುತ್ತದೆ. ಅರಸಿಯೇ ಹೋದಳು, ತಾನು ಉಳಿಯಲಾರೆನೆಂದು ಬೆಳಗೊಳಕ್ಕೆ ಬಂದು, ಅರೆಮುಚ್ಚಿದ ಕಣ್ಣು, ಪಂಚಪದಗಳ ಜಪ, ಬಂಧುಗಳ ಬೀಳ್ಕೊಡುಗೆ, ಒಂದು ತಿಂಗಳ ಉಪವಾಸದೊಡನೆ ಸನ್ಯಸನವಿಧಿಯಿಂದ ಆಕೆ ಮುಡಿಪಿದಳು. ಮಗಳ ಸಾವಿಗೆ ಒಂದು ಮಾತು, ತಾಯಿಯ ಸಾವಿಗೆ ಇಷ್ಟು ವಿಸ್ತಾರ. ಈ ಏರುಪೇರು ಕಾದಂಬರಿಕಾರರನ್ನು ಕೆಣಕಬೇಕು.

ಇಲ್ಲಿ ಧರ್ಮಶಾಸ್ತ್ರದ ಓದೂ ಅಗತ್ಯವಾಗುತ್ತದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಲೋಕಮೂಢತೆಗಳನ್ನು ಎಣಿಸುವಾಗ ಅವುಗಳಲ್ಲಿ ಗಿರಿಪಾತವನ್ನು, ಅಂದರೆ ಪುಣ್ಯವೆಂದು ಬೆಟ್ಟದಿಂದ ಬೀಳುವುದನ್ನು, ಹೆಸರಿಸಿ ಸೇರಿಸುತ್ತದೆ. ಸಲ್ಲೇಖನ ಬೇರೆ, ಬೀಳುವುದು ಬೇರೆ ಎಂಬುದು ಶ್ರಾವಕರಿಗೆ ತಿಳಿದ ಭೇದ. ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆಯಾಗಿ, 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ನಿಲ್ಲಿಸಿದ ಅರಸಿಗೆ ಈ ಭೇದ ತಿಳಿದಿರಲಿಲ್ಲವೆನ್ನುವುದು ಕಷ್ಟ. ಆದರೂ ಆಕೆ ಹಾರಿದಳೆಂದೇ ಬರೆಯುವ ಹಕ್ಕು ಕಾದಂಬರಿಕಾರರಿಗೆ ಇಲ್ಲವೆಂದಲ್ಲ. ಆದರೆ ತನ್ನ ಧರ್ಮ ಮೂಢತೆಯೆಂದು ಕರೆದದ್ದನ್ನು ಆಕೆ ಏಕೆ ಮಾಡಿದಳೆಂಬುದಕ್ಕೆ ಆ ಕಾದಂಬರಿಯೊಳಗೆ ಉತ್ತರವಿರಬೇಕು. ಉತ್ತರವಿಲ್ಲದೆ ಹಾರಿಸಿದರೆ ಅದು ಪಾತ್ರದ ಸಾವಲ್ಲ, ಲೇಖಕರ ಅನುಕೂಲ.

ಶಾಂತಲೆಯ ಮೇಲೆ ಕನ್ನಡದಲ್ಲಿ ಎರಡು ಪ್ರಸಿದ್ಧ ಕಾದಂಬರಿಗಳಿವೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಜನರ ನಾಲಗೆಯಲ್ಲಿದ್ದ ದುರಂತಕ್ಕೆ ಹತ್ತಿರದ್ದು. ಅದರ ಭಾವದ ಬಲಕ್ಕೆ ತಲೆಮಾರುಗಳ ಓದುಗರು ಕಣ್ಣೀರಿಟ್ಟಿದ್ದಾರೆ. ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲಾದೇವಿ’ 1978ರಲ್ಲಿ ನಾಲ್ಕು ಸಂಪುಟಗಳಲ್ಲಿ ಬಂತು. 1983ರಲ್ಲಿ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಮೊದಲ ಬಾರಿಗೆ ಸಂದದ್ದು ಈ ಕೃತಿಗೆ. ನಾಗರಾಜರಾವ್ ಶಾಸನಗಳನ್ನು ಹುಡುಕಿ ಹೋಲಿಸಿ, ಶಾಂತಲೆಗೆ ಮಕ್ಕಳಿದ್ದರೆಂಬ ನಿಲುವಿಗೆ ಬಂದು, ಬಂಜೆತನದ ಕಥೆಯನ್ನು ತಳ್ಳಿಹಾಕಿದರು. ವಿಷ್ಣುವರ್ಧನನ ಮಗಳು ಹರಿಯಬ್ಬರಸಿಯನ್ನೂ ಕುಮಾರ ಬಲ್ಲಾಳನನ್ನೂ ಹೆಸರಿಸುವ 1130ರ ಹಂತೂರಿನ ಶಾಸನ ಇಂಥ ಚರ್ಚೆಗೆ ಮುಖ್ಯವಾದದ್ದು. ಅವರ ತಾಯಿ ಶಾಂತಲೆಯೇ ಎಂಬುದು ಮಾತ್ರ ವಾದದ ವಿಷಯ. ಕಾದಂಬರಿಯಾಗಿ ನೋಡಿದರೆ ನಾಗರಾಜರಾವ್ ಅವರ ಕೃತಿ ಕೆಲವೆಡೆ ತನ್ನ ವಿವರಗಳ ಭಾರಕ್ಕೆ ನಿಧಾನವಾಗುತ್ತದೆ. ಅಯ್ಯರ್ ಅವರದು ಓಡುತ್ತದೆ. ಹೊಸ ಲೇಖಕರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು: ಒಂದರಿಂದ ಓಟ, ಇನ್ನೊಂದರಿಂದ ತಾಳ್ಮೆ. ಬೆಟ್ಟದ ಮೇಲೆ ಇಂದಿಗೂ ಗೆದ್ದಿರುವುದು ಹಾರಿದ ಕಥೆಯೇ ಎಂಬುದನ್ನೂ ಮರೆಯಬಾರದು. ಸೂತ್ರಧಾರಿಣಿಯಂತೆ ಗೀತ, ವಾದ್ಯ, ನೃತ್ಯಗಳನ್ನು ಬಲ್ಲವಳಾಗಿ, ಆಡಳಿತದಲ್ಲಿ ವಿವೇಕವುಳ್ಳವಳಾಗಿ ಶಾಸನಗಳು ವರ್ಣಿಸಿದ ಹೆಣ್ಣು ಜನಮನದಲ್ಲಿ ಒಂದು ಪ್ರಪಾತದ ಹೆಸರಾಗಿ ಉಳಿದಳು.

ಇನ್ನು ವಸ್ತುಜ್ಞಾನ. ಕನ್ನಡದ ಕಥೆಗಾರರು ಇದನ್ನು ಸಾವಿರ ವರ್ಷಗಳ ಹಿಂದೆಯೇ ಬಲ್ಲವರು. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಗುರಿ ವೈರಾಗ್ಯ, ಆದರೂ ಅವುಗಳಲ್ಲಿ ವೈದ್ಯ, ವ್ಯಾಪಾರಿ, ಸೂಳೆ, ಕಳ್ಳ, ಅರಸ ಎಲ್ಲರೂ ತಮ್ಮ ತಮ್ಮ ಕಸುಬಿನ ನಂಟಿನಲ್ಲಿ ನಿಂತಿದ್ದಾರೆ. ವಿದ್ಯುಚ್ಚೋರನ ಕಥೆಯಲ್ಲಿ ಕಳ್ಳನಿಗೂ ಒಂದು ಶಾಸ್ತ್ರವಿದೆ, ಅದನ್ನು ಅವನು ಕಲಿತಿದ್ದಾನೆ. ಮೋಕ್ಷದ ಕಥೆ ಹೇಳುವವನಿಗೆ ಕನ್ನಗಳ್ಳನ ವಿದ್ಯೆ ಏಕೆ ಬೇಕಿತ್ತು? ಬಿಟ್ಟದ್ದು ಏನೆಂದು ತಿಳಿಯದೆ ಬಿಡುವಿಕೆಯ ಬೆಲೆ ಓದುಗನಿಗೆ ತಿಳಿಯುವುದಿಲ್ಲವೆಂಬುದು ಆ ಗದ್ಯಕಾರನಿಗೆ ಗೊತ್ತಿತ್ತು.

ಅಕ್ಕೂರಿನ ಲೇಖಕಿಗೆ ಈ ಅಭ್ಯಾಸದಲ್ಲಿ ವಿಚಿತ್ರವಾದ ತೊಡಕೊಂದಿದೆ. ಅವಳ ಸುತ್ತ ಕಾಣುವ ‘ಹಳೆಯದು’ ಬಹುತೇಕ ಬುಸುವಿಸೆಟ್ಟಿಗಿಂತ ಹೊಸದು. ರಾಮನಗರವೆಂದರೆ ನೆನಪಾಗುವ ರೇಷ್ಮೆಗೂಡು, ಚನ್ನಪಟ್ಟಣವೆಂದರೆ ನೆನಪಾಗುವ ಅರಗಿನ ಬಣ್ಣದ ಗೊಂಬೆ, ಇವೆರಡರ ಹುಟ್ಟನ್ನೂ ಸಾಮಾನ್ಯವಾಗಿ ಟಿಪ್ಪುವಿನ ಕಾಲಕ್ಕೆ ಹೇಳುತ್ತಾರೆ. ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರು ಬಂದದ್ದು ಆ ನಂತರ. ಚನ್ನಪಟ್ಟಣದ ಜಗದೇವರಾಯನೂ ಮಾಗಡಿಯ ಕೆಂಪೇಗೌಡರೂ ಬುಸುವಿಸೆಟ್ಟಿಯ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ. 1537ರ ಬೆಂಗಳೂರು ಪೇಟೆಯೂ ಇರಲಿಲ್ಲ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಇಲ್ಲ, ಖಾರಕ್ಕೆ ಕರಿಮೆಣಸು; ಆಲೂಗಡ್ಡೆ, ಟೊಮ್ಯಾಟೊ, ಕಡಲೆಕಾಯಿ, ಮುಸುಕಿನ ಜೋಳ, ಹೊಗೆಸೊಪ್ಪು ಯಾವುದೂ ಇಲ್ಲ. ಸೆಟ್ಟಿ ಜೈನನಾದ್ದರಿಂದ ಈರುಳ್ಳಿ ಬೆಳ್ಳುಳ್ಳಿಗಳನ್ನೂ ಯೋಚಿಸಿಯೇ ಬಳಸಬೇಕು, ಸೂರ್ಯಾಸ್ತದ ನಂತರ ಅವನನ್ನು ಊಟಕ್ಕೆ ಕೂರಿಸಿದರೆ ಇಡೀ ಅಧ್ಯಾಯ ಬಿದ್ದುಹೋಗುತ್ತದೆ. ಉಳಿಯುವುದು ಸಾವನದುರ್ಗದ ಬಂಡೆ, ಬೆಟ್ಟದ ಸಾಲು, ಕೆರೆಯ ಕೋಡಿ, ರಾಗಿ. ಇಷ್ಟನ್ನೆಲ್ಲ ಕಳೆದ ಮೇಲೆ ಉಳಿದ ಬಡತನದಲ್ಲಿಯೇ ಆ ಕಾಲದ ನಿಜವಾದ ಚಿತ್ರ ಸಿಗುತ್ತದೆ. ಹೊಸಬರು ಸಾಮಾನ್ಯವಾಗಿ ಸೇರಿಸುವುದನ್ನು ಕಲಿಯುತ್ತಾರೆ. ಚರಿತ್ರೆಯ ಕಾದಂಬರಿ ಮೊದಲು ಕಳೆಯುವುದನ್ನು ಕಲಿಸುತ್ತದೆ.

ಮಾತಿನ ಪ್ರಶ್ನೆ ಇನ್ನೂ ಕಠಿಣ. 1368ರ ವರ್ತಕನ ಬಾಯಲ್ಲಿ ಯಾವ ಕನ್ನಡವಿರಬೇಕು? ನಡುಗನ್ನಡವನ್ನು ಹಾಗೆಯೇ ಆಡಿಸಿದರೆ ಓದುಗ ಎರಡನೆಯ ಪುಟಕ್ಕೆ ನಿಲ್ಲುತ್ತಾನೆ. ನಾಟಕದ ಕಂಪನಿಯ ರಾಜಭಾಷೆಯನ್ನು ಆಡಿಸಿದರೆ ಮಾಗಡಿಯ ಸೆಟ್ಟಿ ಮಾಯವಾಗುತ್ತಾನೆ. 1112ರಲ್ಲಿ ಮುಳುಗುಂದದ ನಯಸೇನ ‘ಧರ್ಮಾಮೃತ’ ಬರೆಯುವಾಗ ಇದೇ ಬಗೆಯ ಇಕ್ಕಟ್ಟನ್ನು ಎದುರಿಸಿ, ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆಂದು ಹಾಸ್ಯಮಾಡಿ, ಜನರ ಗಾದೆಗಳನ್ನೂ ಹೋಲಿಕೆಗಳನ್ನೂ ಸಾಲುಸಾಲಾಗಿ ಪೋಣಿಸಿದ. ಕೆಲವೊಮ್ಮೆ ಒಂದೇ ಸಂಗತಿಗೆ ಹತ್ತು ಹೋಲಿಕೆ ಕೊಟ್ಟು ಓದುಗನನ್ನು ದಣಿಸುತ್ತಾನೆ, ಅದು ಬೇರೆ ಮಾತು. ಅವನ ದಾರಿ ಮಾತ್ರ ಸರಿ. ಹಳೆಯ ಪದಗಳಿಂದ ಹಳೆಯ ಕಾಲ ಬರುವುದಿಲ್ಲ. ನೆಲದ ಮಾತಿನ ಲಯದಿಂದ ಬರುತ್ತದೆ. ಆ ಲಯವನ್ನು ಕೇಳಲು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಅಕ್ಕೂರಿನವರಿಗೆ ದೂರವಲ್ಲ. ಅಲ್ಲಿನ ಒನಕೆ, ಏತ, ಅಳತೆಯ ಪಾತ್ರೆಗಳನ್ನು ನೋಡಿ ಬಂದರೆ ಸಾಲದು. ಅವುಗಳ ಹೆಸರನ್ನು ಊರಿನ ಹಿರಿಯರು ಹೇಗೆ ಉಚ್ಚರಿಸುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಬೇಕು.

ಹಿಂದಿನವರ ಅಭ್ಯಾಸ ನೋಡಿದರೆ ಈ ಶ್ರಮ ಯಾರಿಗೂ ತಪ್ಪಿದ್ದಲ್ಲ. 1915ರಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಪ್ರಕಟಿಸಿದ ಎಂ.ಎಸ್. ಪುಟ್ಟಣ್ಣನವರು ಪಾಳೆಯಗಾರರ ಚರಿತ್ರೆಗಳನ್ನೂ ಸಂಗ್ರಹಿಸಿದವರು. ಅವರ ಕಾದಂಬರಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆ ಜೀವಂತವಾಗಿರುವುದಕ್ಕೆ ಆ ಕಣ್ಣೇ ಕಾರಣ. ಮಾಸ್ತಿಯವರು ಬಿದನೂರಿನ ಪತನವನ್ನು ‘ಚನ್ನಬಸವನಾಯಕ’ದಲ್ಲಿಯೂ (1949) ಕೊಡಗಿನ ಪತನವನ್ನು ‘ಚಿಕವೀರರಾಜೇಂದ್ರ’ದಲ್ಲಿಯೂ (1956) ಬರೆದರು, ಸೋತ ಅರಸನನ್ನು ಕ್ಷಮಿಸದೆಯೂ ದ್ವೇಷಿಸದೆಯೂ ನೋಡುವ ಅವರ ರೀತಿ, ಆಡಳಿತದಲ್ಲಿ ದೀರ್ಘಕಾಲ ಕಡತಗಳ ನಡುವೆ ಇದ್ದ ಮನುಷ್ಯನದು. ತ.ರಾ.ಸು. ಚಿತ್ರದುರ್ಗವೊಂದನ್ನೇ ಹಿಡಿದು ‘ಕಂಬನಿಯ ಕುಯಿಲು’ವಿನಿಂದ ‘ದುರ್ಗಾಸ್ತಮಾನ’ದವರೆಗೆ ಮತ್ತೆ ಮತ್ತೆ ಅದೇ ಕೋಟೆಗೆ ಹಿಂದಿರುಗಿದರು. ಒಂದು ಊರಿಗೆ ಜೀವಮಾನ ಕೊಟ್ಟವರಿಗೆ ಆ ಊರು ತೆರೆದುಕೊಂಡಂತೆ, ಪ್ರತಿ ಪುಸ್ತಕಕ್ಕೂ ಹೊಸ ರಾಜವಂಶ ಹುಡುಕುವವರಿಗೆ ಯಾವ ಊರೂ ತೆರೆದುಕೊಳ್ಳುವುದಿಲ್ಲ.

ತಿದ್ದುವಾಗ ಹಿಡಿಯಬೇಕಾದ ಅಳತೆಗೋಲೂ ಇದರಿಂದಲೇ ಸಿಗುತ್ತದೆ. ಬರೆದ ಅಧ್ಯಾಯದ ಅಂಚಿನಲ್ಲಿ, ಪ್ರತಿ ಸಂಗತಿಯ ಎದುರಿಗೆ, ಇದು ಕಲ್ಲಿನದು, ಇದು ಕಲ್ಲಿನಿಂದ ಊಹಿಸಿದ್ದು, ಇದು ಪೂರ್ತಿ ಕಟ್ಟಿದ್ದು ಎಂದು ಗುರುತು ಹಾಕಿಕೊಳ್ಳುವುದು ಸರಳವಾದ ಕೆಲಸ, ಬೇಸರದ್ದೂ ಹೌದು. ಲೂಯಿ ರೈಸ್ ಬೆಳಗೊಳದ ಶಾಸನಗಳನ್ನು 1889ರಲ್ಲಿ ಮುದ್ರಿಸಿದರು; ಆರ್. ನರಸಿಂಹಾಚಾರ್ಯರು ಮತ್ತೆ ಸ್ಥಳಕ್ಕೆ ಹೋಗಿ, ತಿದ್ದಿ, ಇನ್ನೂ ನೂರಾರನ್ನು ಸೇರಿಸಿ 1923ರಲ್ಲಿ ಪರಿಷ್ಕೃತ ಆವೃತ್ತಿ ತಂದರು. ವಿದ್ವಾಂಸರೇ ಕಲ್ಲಿನ ಬಳಿಗೆ ಎರಡನೆಯ ಸಲ ನಡೆದುಹೋಗಿರುವಾಗ ಕಾದಂಬರಿಯ ಕರಡು ಮೊದಲ ಓದಿಗೇ ಮುಗಿಯಿತೆಂದು ಭಾವಿಸಲು ಕಾರಣವಿಲ್ಲ. ಗುರುತು ಹಾಕಿದ ಮೇಲೆ ಸಾಮಾನ್ಯವಾಗಿ ಕಾಣುವುದೇನೆಂದರೆ, ಲೇಖಕರಿಗೆ ಬಹಳ ಪ್ರಿಯವಾದ ದೃಶ್ಯಗಳು ಪೂರ್ತಿ ಕಟ್ಟಿದವು ಮಾತ್ರವಲ್ಲ, ಇತರ ಕಾದಂಬರಿಗಳಿಂದಲೂ ಸಿನಿಮಾಗಳಿಂದಲೂ ಗೊತ್ತಿಲ್ಲದೆ ಬಂದವು. ಖಡ್ಗ ಝಳಪಿಸುವ ಸೇನಾಪತಿ, ಅಂತಃಪುರದ ಪಿಸುಮಾತು, ಮಳೆಯ ರಾತ್ರಿಯ ಗೂಢಚಾರ, ಇವು ಕಲ್ಯದ ಕಲ್ಲಿನಲ್ಲಿ ಎಲ್ಲಿಯೂ ಇಲ್ಲ. ಅಲ್ಲಿರುವುದು ಕೈ, ವಾದ್ಯ, ಕಲಶ, ಬಾಗಿಲು, ಒಂದು ಹಣ, ಇಪ್ಪತ್ತು ಆಳು, ಸುಣ್ಣ.

ಆ ಇಪ್ಪತ್ತು ಆಳುಗಳ ಹೆಸರನ್ನು ಶಾಸನ ಕೊಡುವುದಿಲ್ಲ. ಯಾವ ಊರಿನವರು, ಬಾಹುಬಲಿಯ ಬೆಟ್ಟವನ್ನು ಮೊದಲ ಬಾರಿಗೆ ಹತ್ತಿದಾಗ ತಾವು ಕಾಯಬೇಕಾದ ದೇವರನ್ನು ಏನೆಂದುಕೊಂಡರು, ಹಣ ಸರಿಯಾಗಿ ಬಂದ ವರ್ಷವೆಷ್ಟು, ಬಾರದ ವರ್ಷವೆಷ್ಟು ಎಂಬುದೂ ಇಲ್ಲ. ಬುಸುವಿಸೆಟ್ಟಿಯ ತಾಯಿಯ ಹೆಸರಿಲ್ಲ, ಹೆಂಡತಿಯ ಹೆಸರಿಲ್ಲ. ಕಲ್ಯದಲ್ಲಿ ಅವನ ಮನೆಯ ಬಾಗಿಲೂ ಆ ಒಂದು ಹಣದ ಲೆಕ್ಕದಲ್ಲಿ ಸೇರಿತ್ತು. ಸಂಘನಾಯಕನಾಗಿ ಊರಿಗೆ ಮರಳಿದ ವರ್ಷ ವಸೂಲಿಗೆ ಬಂದವನು ಅವನ ಬಾಗಿಲಲ್ಲಿ ನಿಂತಾಗ ಹಣವನ್ನು ಎಣಿಸಿ ಕೊಟ್ಟವರು ಯಾರು, ಅವನೋ ಅವನ ಹೆಂಡತಿಯೋ, ಮತ್ತು ಕೊಡುವಾಗ ಮನೆಯೊಳಗಿನಿಂದ ಯಾರಾದರೂ ಏನಾದರೂ ಅಂದರೋ?